ಜಿರಾಫೆಯ ಕಿವಿಯಲ್ಲಿ ಮಂತ್ರ ಹೇಳಿದ ತವನಪ್ಪ

ಕೊಣ್ಣೂರಿನ ತವನಪ್ಪನಿಗೆ ಗುಮಾನಿ ಎಂಬುದು ಹುಟ್ಟಿನಿಂದಲೇ ಅಂಟಿಕೊಂಡ ರೋಗ. ತಾಯಿ ಸೋಸಿಟ್ಟ ನೀರನ್ನು ಮತ್ತೊಮ್ಮೆ ತಾನೇ ಸೋಸಿ ಕುಡಿಯುವ ಹುಡುಗ ಅವನು. ಜೈನರ ಮನೆಯಲ್ಲಿ ನೀರು ಸೋಸುವುದು ದೊಡ್ಡ ಮಾತಲ್ಲ, ಎಲ್ಲರೂ ಸೋಸುತ್ತಾರೆ. ಆದರೆ ಹೆತ್ತ ತಾಯಿ ಸೋಸಿದ್ದರ ಮೇಲೂ ನಂಬಿಕೆ ಇಲ್ಲವೆಂದರೆ ಏನು ಹೇಳೋಣ! ಅಂಗಡಿಯವನು ಕೊಟ್ಟ ಬೆಲ್ಲವನ್ನು ಮೂಸುತ್ತಿದ್ದ. ಮನೆಗೆ ಬಂದ ಬೀಗರು ನಕ್ಕರೆ, ಯಾಕೆ ನಕ್ಕರೆಂದು ಮೂರು ದಿನ ತಲೆ ಕೆಡಿಸಿಕೊಳ್ಳುತ್ತಿದ್ದ. ಅವನು ಕಣ್ಣುಮುಚ್ಚಿ ನಂಬುತ್ತಿದ್ದದ್ದು ಬರೀ ದನ, ಎಮ್ಮೆ, ಕುದುರೆ, ನಾಯಿಗಳನ್ನು. ನೋವಾದರೆ ಕುಂಟುತ್ತವೆ, ಹೊಟ್ಟೆ ಕೆಟ್ಟರೆ ಮೇವು ಬಿಡುತ್ತವೆ, ಇಲ್ಲದ್ದನ್ನು ಇದೆ ಎಂದು ತೋರಿಸುವ ಬುದ್ಧಿ ಅವಕ್ಕಿಲ್ಲ ಎಂದು ಅವನ ವಾದ.

ಓರಗೆಯ ಹುಡುಗರೆಲ್ಲ ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ಪಗಾರಕ್ಕೆ ಹೋಗುತ್ತಿದ್ದ ಕಾಲ ಅದು. ತವನಪ್ಪ ಗಿರಣಿಯನ್ನೂ ನಂಬಲಿಲ್ಲ. ಮುಂಬೈಗೆ ಹೋಗಿ ಒಂದು ಪ್ರಾಣಿಗಳ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸಕ್ಕೆ ಸೇರಿದ. ಅಲ್ಲಿ ನೋಡಿ, ಅವನ ರೋಗವೇ ಅವನಿಗೆ ವಿದ್ಯೆಯಾಯಿತು. ಕುದುರೆಯ ಮಾಲೀಕ ನಿನ್ನೆ ಬಿತ್ತು ಅಂದರೆ ಇವನು ನಂಬದೆ ಗಾಯದ ಅಂಚು ನೋಡಿ, ಇದು ನಾಲ್ಕು ದಿನದ್ದು ಎನ್ನುತ್ತಿದ್ದ, ಖರೆಯೂ ಆಗಿರುತ್ತಿತ್ತು. ದೊಡ್ಡ ಯುದ್ಧ ಶುರುವಾದ ಮರುವರ್ಷ, ಅಂದರೆ ಸಾವಿರದ ಒಂಬೈನೂರ ಹದಿನೈದರಲ್ಲಿ, ಸರಕಾರದವರು ಹೇಸರಗತ್ತೆಗಳನ್ನು ಹಡಗು ತುಂಬಿಸಿ ಆಫ್ರಿಕಾಕ್ಕೆ ಕಳಿಸಿದಾಗ ಅವುಗಳ ಜೊತೆ ತವನಪ್ಪನನ್ನೂ ಕಳಿಸಿದರು. ಹೆಂಡತಿ ಜಿನ್ನವ್ವ ಊರಲ್ಲೇ ಉಳಿದಳು. ಯುದ್ಧ ಮುಗಿದ ಮೇಲೆ ಒಮ್ಮೆ ಬಂದು ನಾಲ್ಕು ತಿಂಗಳು ಇದ್ದು, ಅಲ್ಲಿ ಏನೇನು ತಿಂದನೋ ಎಂದು ಊರವರ ಕಣ್ಣು ತನ್ನ ತಟ್ಟೆಯ ಮೇಲೇ ಇದೆ ಎಂದು ಗೊಣಗಿ, ಮತ್ತೆ ಹಡಗು ಹತ್ತಿದ.

ಎರಡನೆಯ ಸಲ ಅವನು ಚಾಕರಿಗೆ ನಿಂತದ್ದು ಹಾರ್ಕರ್ ಎಂಬ ಸಾಹೇಬನ ಹತ್ತಿರ. ಕಾಡುಪ್ರಾಣಿಗಳನ್ನು ಜೀವಂತ ಹಿಡಿದು ವಿಲಾಯತಿಯ ಮೃಗಾಲಯಗಳಿಗೆ ಕಳಿಸುವುದು ಸಾಹೇಬನ ಉದ್ಯೋಗ. ಕಣ್ಣು ಹರಿದಷ್ಟು ದೂರ ಹುಲ್ಲು, ನಡುನಡುವೆ ಚಪ್ಪಟೆ ತಲೆಯ ಮರಗಳು. ಮುಳ್ಳು ನೋಡಿದರೆ ನಮ್ಮ ಜಾಲಿಗಿಡದ ಅಣ್ಣತಮ್ಮಂದಿರೇ ಸರಿ. ಆ ಬಯಲಿನಲ್ಲಿ ಡೇರೆ, ಡೇರೆಯ ಹಿಂದೆ ಮುಳ್ಳುಬೇಲಿಯ ದೊಡ್ಡಿಗಳು, ದೊಡ್ಡಿಗಳ ತುಂಬ ತವನಪ್ಪನ ರೋಗಿಗಳು. ಹಗ್ಗ ಉಜ್ಜಿ ಕುತ್ತಿಗೆ ಹುಣ್ಣಾದ ಝೀಬ್ರಾಕ್ಕೆ ಕೆಂಪು ಔಷಧದ ನೀರು ಹೊಯ್ದು ತೊಳೆಯುವುದು, ಭೇದಿ ಹತ್ತಿದ ಖಡ್ಗಮೃಗದ ಮರಿಗೆ ಅಕ್ಕಿ ಗಂಜಿ ಕುಡಿಸುವುದು ಅವನ ಪಾಲಿಗೆ ಬಂತು. ಒಮ್ಮೆ ಸಾಹೇಬನ ಕೋಟಿನ ಹಿತ್ತಾಳೆ ಗುಂಡಿ ಕಾಣದಾಗಿ, ಅಡುಗೆಯವನಿಂದ ಹಿಡಿದು ಎಲ್ಲರ ಮೇಲೂ ಕಳ್ಳತನದ ಗುಮಾನಿ ಬಂತು. ತವನಪ್ಪ ಮಾತ್ರ ಮೇವು ಬಿಟ್ಟು ನಿಂತಿದ್ದ ಉಷ್ಟ್ರಪಕ್ಷಿಯನ್ನೇ ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಎಣ್ಣೆ ಕುಡಿಸಿ, ಗುಂಡಿಯನ್ನು ಹಿಕ್ಕೆಯಲ್ಲಿ ಹೊರಗೆ ತೆಗೆಸಿದ. ಅಂದಿನಿಂದ ಅವನನ್ನು ಎಲ್ಲರೂ ಡಾಕ್ಟರ್ ಎಂದೇ ಕರೆದರು.

ಅಲ್ಲಿ ಅವನಿಗೆ ಒಂದು ರೂಢಿ ಇತ್ತು, ಊರಿನಿಂದ ತಂದದ್ದು. ಸಾಯುವ ಪ್ರಾಣಿಯ ಕಿವಿಯಲ್ಲಿ ಣಮೋಕಾರ ಮಂತ್ರ ಹೇಳಿದರೆ ಅದಕ್ಕೆ ಒಳ್ಳೆಯ ಗತಿ ಎಂದು ಜೈನರು ನಂಬುತ್ತಾರೆ. ಅವನ ಮನೆಯಲ್ಲಿ ಎಮ್ಮೆ ಸತ್ತರೂ ಅಜ್ಜಿ ಕಿವಿಗೆ ಬಾಯಿ ಹಚ್ಚಿ ಹೇಳದೆ ಬಿಟ್ಟವಳಲ್ಲ. ತವನಪ್ಪ ಆ ಬಯಲಿನಲ್ಲಿ ಝೀಬ್ರಾಕ್ಕೂ ಹೇಳಿದ, ಚಿರತೆಯ ಮರಿಗೂ ಹೇಳಿದ. ಪ್ರಾಣಿಗಳ ಹೆಜ್ಜೆ ನೋಡಿ ಜಾಡು ಹಿಡಿಯುವ ಮುಟುವಾ ಎಂಬ ಆಳು, ಈ ಹಿಂದುಸ್ತಾನಿ ಕಿವಿಯಲ್ಲಿ ಏನು ಊದುತ್ತಾನೋ ಎಂದು ದೂರ ನಿಂತೇ ನೋಡುತ್ತಿದ್ದ. ತವನಪ್ಪ ಅವನನ್ನು ನಂಬುತ್ತಿರಲಿಲ್ಲ, ಅವನು ತವನಪ್ಪನನ್ನು ನಂಬುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಗುಮಾನಿ ಸಾಹೇಬನ ಮೇಲೆ. ಬೆಳಿಗ್ಗೆ ಒಂದು ಜಿಂಕೆಯ ಗಾಯಕ್ಕೆ ಹೊಲಿಗೆ ಹಾಕಿಸುವ ಕೈಯೇ ಸಂಜೆ ಇನ್ನೊಂದನ್ನು ಹೊಡೆದು ಚರ್ಮ ಸುಲಿಸುತ್ತಿತ್ತು. ಡೇರೆಯೊಳಗೆ ಕೊಂಬುಗಳ ರಾಶಿಯೇ ಇತ್ತು. ಕೊಲ್ಲುವವನಿಗೆ ಬದುಕಿಸುವ ಉಸಾಬರಿ ಯಾಕೆ, ಇದರಲ್ಲಿ ಏನೋ ಇದೆ ಎಂದು ತವನಪ್ಪ ಹದಿಮೂರು ವರ್ಷ ಸಾಹೇಬನನ್ನು ಓರೆಗಣ್ಣಿನಿಂದಲೇ ನೋಡಿದ.

ಸಾವಿರದ ಒಂಬೈನೂರ ಮೂವತ್ತೆರಡರಲ್ಲಿ ಒಂದು ಎಳೆಯ ಹೆಣ್ಣು ಜಿರಾಫೆಯನ್ನು ಕುದುರೆ ಮೇಲೆ ಅಟ್ಟಿಸಿಕೊಂಡು ಹೋದರು. ಕಾಡುಹಂದಿ ತೋಡಿದ ಬಿಲದಲ್ಲಿ ಅದರ ಮುಂಗಾಲು ಸಿಕ್ಕು ಮೊಣಕಾಲಿನ ಮೇಲೆ ಮುರಿಯಿತು. ತಾಳೆಮರ ಉರುಳಿದಂತೆ ಬಿದ್ದುಬಿಟ್ಟಿತು ಪಾಪ. ಸಾಹೇಬ ನೋಡಿದ, ಬಂದೂಕು ತರಿಸಿದ. ಕಾಲು ಮುರಿದ ಜಿರಾಫೆ ಏಳುವುದಿಲ್ಲ, ಮಲಗಿದ ಜಿರಾಫೆ ಬದುಕುವುದಿಲ್ಲ, ಇದನ್ನು ನರಳಿಸುವುದು ಬೇಡ ಎಂದ.

ತವನಪ್ಪ ಅಡ್ಡ ನಿಂತ. ಕಾರಣವೂ ಇತ್ತು. ಎರಡು ದಿನದ ಹಿಂದೆ ಸಾಹೇಬನಿಗೆ ಒಂದು ಪತ್ರ ಬಂದಿತ್ತು, ಯಾರೋ ದೊಡ್ಡ ಮನುಷ್ಯರು ಜಿರಾಫೆಯ ಚರ್ಮ ಕೇಳಿದ್ದಾರೆಂದು ಡೇರೆಯಲ್ಲೆಲ್ಲ ಮಾತಾಗಿತ್ತು. ಹೌದಲ್ಲ, ಈಗ ಸಿಕ್ಕಿತು ನೆಪ ಎಂದುಕೊಂಡ ಇವನು. ನಾನು ಬದುಕಿಸುತ್ತೇನೆ, ನನ್ನನ್ನು ಹೊಡೆದು ಇದನ್ನು ಹೊಡೆಯಿರಿ ಎಂದ. ಸಾಹೇಬ ಬಂದೂಕನ್ನು ಆಳಿನ ಕೈಗೆ ಕೊಟ್ಟು ಹೊರಟುಹೋದ.

ಒಂಬತ್ತು ದಿನ. ಕಾಲಿಗೆ ಬಿದಿರಿನ ದಬ್ಬೆ ಕಟ್ಟಿದ, ಮೇಲೆ ಚಪ್ಪರ ಹಾಕಿದ, ಉದ್ದ ಕುತ್ತಿಗೆಗೆ ಹುಲ್ಲಿನ ಚೀಲಗಳ ಆಸರೆ ಕೊಟ್ಟ. ಬಕೆಟ್ಟಿನಲ್ಲಿ ನೀರು, ಕೈಯಲ್ಲಿ ಸೊಪ್ಪು. ಬೆಳಿಗ್ಗೆಯೊಮ್ಮೆ ಸಂಜೆಯೊಮ್ಮೆ ಕಿವಿಯಲ್ಲಿ ಮಂತ್ರ. ಮೂರನೆಯ ದಿನ ಅದು ಸೊಪ್ಪು ಬಿಟ್ಟಿತು. ನಾಲ್ಕನೆಯ ದಿನ ಮಲಗಿದ ಮಗ್ಗುಲು ಹುಣ್ಣಾಯಿತು. ಆರನೆಯ ದಿನ ಹುಣ್ಣಿಗೆ ಹುಳ ಬಿದ್ದವು, ಅವನು ಒಂದೊಂದೇ ಹುಳವನ್ನು ಹತ್ತಿಯ ಎಳೆಯಿಂದ ಎತ್ತಿ, ಅವೂ ಸಾಯಬಾರದೆಂದು ಎಲೆಯ ಮೇಲಿಟ್ಟು ಬೇಲಿಯಾಚೆ ಬಿಟ್ಟುಬಂದ. ಮುಟುವಾ ಅಂದು ಮೊದಲ ಸಲ ಹತ್ತಿರ ಬಂದು ಕೇಳಿದ: ನೀನು ಇದರ ಕಿವಿಯಲ್ಲಿ ಏನು ಹೇಳುತ್ತಿದ್ದೀ, ಜೀವ ಬಿಟ್ಟು ಹೋಗದಂತೆ ಕಟ್ಟಿಹಾಕುತ್ತಿದ್ದೀಯಾ?

ತವನಪ್ಪನ ಮೈ ಉರಿಯಿತು. ಬೈದು ಅಟ್ಟಿದ. ಆದರೆ ಮಾತು ಒಳಗೆ ಹೋಗಿ ಕೂತಿತ್ತು. ಮರುದಿನ ಮಂತ್ರ ಹೇಳಲು ಬಗ್ಗಿದಾಗ ಜಿರಾಫೆ ಕಿವಿಯನ್ನು ಆಚೆ ತಿರುಗಿಸಿಕೊಂಡಿತು. ಪ್ರಾಣಿಗೆ ಸುಳ್ಳು ಹೇಳಲು ಬರುವುದಿಲ್ಲ ಎಂದು ತಾನೇ ಹೇಳುತ್ತಿದ್ದವನಲ್ಲವೇ? ಒಂಬತ್ತನೆಯ ದಿನ ಬೆಳಿಗ್ಗೆ ಅವನು ಔಷಧದ ಪೆಟ್ಟಿಗೆಯಿಂದ ಕ್ಲೋರೋಫಾರ್ಮಿನ ಬಾಟಲಿ ತೆಗೆದ. ಸ್ಪಂಜನ್ನು ಅದರಲ್ಲಿ ತೋಯಿಸಿ, ಮೇವಿನ ಚೀಲದಲ್ಲಿಟ್ಟು, ಜಿರಾಫೆಯ ಮೂತಿಗೆ ಕಟ್ಟಿದ. ಕಿವಿಯಲ್ಲಿ ಮಂತ್ರ ಹೇಳುತ್ತಲೇ ಇದ್ದ, ಅದು ಉಸಿರು ನಿಲ್ಲಿಸುವವರೆಗೆ. ಕಾಲು ಗಂಟೆಯೂ ಹಿಡಿಯಲಿಲ್ಲ.

ಅದರ ಚರ್ಮ ಯಾರಿಗೂ ಬೇಕಾಗಿರಲಿಲ್ಲ. ಆ ಪತ್ರ ಬಂದ ದಿನವೇ ಸಾಹೇಬ ಇಲ್ಲವೆಂದು ಬರೆದು ಕಳಿಸಿದ್ದ. ಕೇಳಿದ್ದರೆ ಹೇಳುತ್ತಿದ್ದ, ತವನಪ್ಪ ಕೇಳಲಿಲ್ಲ. ಮುಂದಿನ ತಿಂಗಳೇ ಅವನು ಲೆಕ್ಕ ಮುಗಿಸಿ ಹಡಗು ಹತ್ತಿದ. ಸಾಹೇಬ ಅವನಿಗೆ ಔಷಧದ ಪೆಟ್ಟಿಗೆಯನ್ನು ಬಾಟಲಿಗಳ ಸಮೇತ ಉಡುಗೊರೆ ಕೊಟ್ಟ. ಯಾಕೆ ಕೊಟ್ಟನೆಂದು ತವನಪ್ಪ ಮುಂಬೈ ಮುಟ್ಟುವವರೆಗೂ ಯೋಚಿಸಿದ.

ಗೋಕಾಕ ರೋಡ ಸ್ಟೇಶನ್ನಿನಲ್ಲಿ ಇಳಿದವನನ್ನು ನೋಡಲು ಅರ್ಧ ಕೊಣ್ಣೂರೇ ಬಂದಿತ್ತು. ನೋಡಿದ್ದು ಅವನನ್ನಲ್ಲ, ಬೀಗ ಹಾಕಿದ ಆ ಪೆಟ್ಟಿಗೆಯನ್ನು. ಅದರೊಳಗೆ ಆನೆಯ ದಂತ ಇದೆ ಎಂದರು ಕೆಲವರು, ಬಂದೂಕು ಎಂದರು ಕೆಲವರು. ಜಿರಾಫೆಯ ವಿಷಯ ಹೇಳಿದರೆ, ಒಂಟೆ ನೋಡಿ ಬಂದಿರಬೇಕು ಬಿಡು ಎಂದು ಬಾಯಿ ಮುಚ್ಚಿ ನಕ್ಕರು. ಜಿನ್ನವ್ವ ಮಾತ್ರ ನಗಲಿಲ್ಲ. ಅವಳು ಒಂದು ದಿನ ಪೆಟ್ಟಿಗೆಯ ಸಂದಿಗೆ ಮೂಗು ಹಚ್ಚಿ ಮೂಸಿದಳು. ಸಿಹಿಸಿಹಿ ವಾಸನೆ ಬಂತು. ಸಾರಾಯಿಯೇ ಇರಬೇಕೆಂದುಕೊಂಡು ಅಡುಗೆಮನೆಗೆ ಹೋಗಿ ಕೂತಳು. ಗಂಡ ಊಟಕ್ಕೆ ಬಂದಾಗ, ತಲೆ ತಗ್ಗಿಸಿಕೊಂಡು ಕೇಳಿಯೇಬಿಟ್ಟಳು.

"ಕುಡಿಯೂ ಚಟಾ ಇದ್ರ ಹೇಳಿಬಿಡ್ರಿ. ಮಂದಿ ಬಾಯಾಗಿಂದ ಕೇಳೂಕಿಂತ ನಿಮ್ಮ ಬಾಯಾಗಿಂದ ಕೇಳತೇನಿ."

ಹದಿನೇಳು ವರ್ಷ ದೂರವಿದ್ದ ಹೆಂಡತಿಯ ಎದುರು ತವನಪ್ಪ ಅಂದು ಎಲ್ಲವನ್ನೂ ಹೇಳಿದ. ಜಿರಾಫೆ, ಒಂಬತ್ತು ದಿನ, ಸ್ಪಂಜು, ಎಲ್ಲ. ಜಿನ್ನವ್ವ ಅತ್ತಳು. ಅತ್ತು ಮುಗಿಸಿ, ಇದನ್ನು ಇನ್ನು ಯಾರ ಮುಂದೂ ಹೇಳಬೇಡಿ ಎಂದಳು.

ಹೇಳದಿರಲು ಕಾರಣವಿತ್ತು. ಗೋಕಾಕದಲ್ಲಿ ಜೈನ ವ್ಯಾಪಾರಸ್ಥರು ಸೇರಿ ಒಂದು ಪಾಂಜರಪೋಳ ನಡೆಸುತ್ತಿದ್ದರು. ಮುದಿ ಎತ್ತು, ಗೊಡ್ಡು ಹಸು, ಕುಂಟು ಕುದುರೆ, ಹೀಗೆ ಯಾರಿಗೂ ಬೇಡವಾದ ಪ್ರಾಣಿಗಳನ್ನು ಸಾಯುವವರೆಗೆ ಸಾಕುವ ಜಾಗ ಅದು. ಅದಕ್ಕೊಬ್ಬ ಕಾರಭಾರಿ ಬೇಕಾಗಿತ್ತು. ಆ ಕೆಲಸ ಸಿಕ್ಕರೆ ತವನಪ್ಪನ ಉಳಿದ ಆಯುಷ್ಯ ಪ್ರಾಣಿಗಳ ನಡುವೆ, ಸಿಗದಿದ್ದರೆ ತಮ್ಮನ ಹೊಲದಲ್ಲಿ ಕಬ್ಬಿಗೆ ನೀರು ಹಾಯಿಸುವುದು. ಅವನಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಅದು ಬಿಟ್ಟರೆ ತಾನು ಮನುಷ್ಯನೇ ಅಲ್ಲ ಎಂದು ಅವನಿಗೆ ಅನಿಸುತ್ತಿತ್ತು.

ಪಾಂಜರಪೋಳದ ಯಜಮಾನರು ಪಾರಿಸಪ್ಪ ಶೆಟ್ಟರು. ಅರಳೆಯ ದೊಡ್ಡ ವ್ಯಾಪಾರಿ, ಮಿತಭಾಷಿ, ಸಮುದ್ರ ದಾಟಿದವರೆಂದರೆ ಮೂಗು ಮುರಿಯುವ ಮನುಷ್ಯ. ತವನಪ್ಪನನ್ನು ಬಸದಿಯ ಕಟ್ಟೆಯ ಮೇಲೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿದರು. ಮಾಂಸ ತಿಂದಿದ್ದೀಯಾ ಎಂದರು, ಇಲ್ಲ ಎಂದ, ಅದು ನಿಜ. ಹೊತ್ತು ಮುಳುಗಿದ ಮೇಲೆ ಉಂಡಿದ್ದೀಯಾ ಎಂದರು, ಹಡಗಿನಲ್ಲಿ ಮೂರು ನಾಲ್ಕು ಸಲ, ಪ್ರಾಯಶ್ಚಿತ್ತ ಮಾಡಿಕೊಂಡಿದ್ದೇನೆ ಎಂದ, ಅದೂ ನಿಜ. ಆಮೇಲೆ ಮೂರನೆಯದು.

"ಅಲ್ಲೆ ಜೀವ ತಗದೀಯೇನು?"

"ಇಲ್ರಿ ಶೆಟ್ರ."

ಸದ್ಯ ಕೆಲಸ ಮಾಡುತ್ತಿರು, ಕಾರಭಾರದ ಮಾತು ಮುಂದೆ ನೋಡೋಣ ಎಂದರು ಶೆಟ್ಟರು. ಗಂಡ ಹೆಂಡತಿ ಗೋಕಾಕಕ್ಕೆ ಬಂದು ಪಾಂಜರಪೋಳದ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದರು.

ಅಲ್ಲಿ ಮೇವು ಹಾಕುವ, ಶೆಟ್ಟರ ಗಾಡಿಯನ್ನೂ ಹೊಡೆಯುವ ಆಳು ವೀರಪ್ಪ. ಶೆಟ್ಟರ ಮನೆಯಲ್ಲೇ ಬೆಳೆದವನು, ಅವರ ಕಣ್ಣು ಕಿವಿ ಎಲ್ಲ ಇವನೇ ಎಂದು ತವನಪ್ಪ ಮೊದಲ ದಿನವೇ ತೀರ್ಮಾನ ಮಾಡಿಬಿಟ್ಟ. ತಪ್ಪೇನೂ ಇರಲಿಲ್ಲ ಅನ್ನಿ. ತವನಪ್ಪ ಬಂದ ಮೇಲೆ ಹುಣ್ಣುಗಳು ಮಾದವು, ಗೊರಸುಗಳು ನೆಟ್ಟಗಾದವು, ಹೊಟ್ಟೆಯುಬ್ಬರದಿಂದ ಸಾಯುವುದು ನಿಂತಿತು. ಆದರೆ ವೀರಪ್ಪ ಬೇರೆಯೇ ಒಂದನ್ನು ನೋಡಿದ್ದ. ಯಾವುದಾದರೂ ದನ ಕೊನೆಯುಸಿರು ಎಳೆಯುವ ಹೊತ್ತಿಗೆ ಸರಿಯಾಗಿ ತವನಪ್ಪ ನೀರು ತರಲು ಹೋಗುತ್ತಿದ್ದ, ಇಲ್ಲವೆ ಹುಲ್ಲಿನ ಬಣವೆಯ ಹಿಂದೆ ಏನೋ ಹುಡುಕುತ್ತಿದ್ದ. ಮಂತ್ರ ಹೇಳಲು ಬೇರೆ ಯಾರನ್ನೋ ಕರೆಯಬೇಕಾಗುತ್ತಿತ್ತು. ಜಿರಾಫೆಯ ಕಿವಿಯಲ್ಲಿ ಹೇಳಿದ ಮೇಲೆ ಆ ಮಂತ್ರ ಇವನ ನಾಲಿಗೆಗೆ ಬರುತ್ತಿರಲಿಲ್ಲ. ಬಾಯಿ ತೆರೆದರೆ ಸ್ಪಂಜಿನ ಆ ಸಿಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ವೀರಪ್ಪ ಇದನ್ನು ಶೆಟ್ಟರ ಕಿವಿಗೆ ಹಾಕಿದನೆಂಬುದು ಅವನ ಮುಖದಲ್ಲೇ ಬರೆದಿತ್ತು.

ಒಂದೂವರೆ ವರ್ಷ ಹೀಗೇ ನಡೆಯಿತು. ಆಮೇಲೆ ಶೆಟ್ಟರ ಸರದಾರನಿಗೆ ಅಪಘಾತವಾಯಿತು.

ಸರದಾರ ಒಂದು ಬಿಳಿಯ ಖಿಲಾರಿ ಎತ್ತು. ಕರುವಿದ್ದಾಗಲೇ ಮೂಡಲಗಿ ಸಂತೆಯಿಂದ ತಂದು, ಶೆಟ್ಟರು ತಮ್ಮ ಕೈಯಾರೆ ಬೆಲ್ಲ ತಿನ್ನಿಸಿ ಬೆಳೆಸಿದ್ದರು. ಅಂಕಲಗಿಯಿಂದ ಅರಳೆ ಹೇರಿಕೊಂಡು ಬರುವಾಗ ಇಳಿಜಾರಿನಲ್ಲಿ ಗಾಡಿ ಮಗುಚಿ, ಅದರ ಸೊಂಟ ಮುರಿಯಿತು. ಪಾಂಜರಪೋಳಕ್ಕೆ ಹೊತ್ತುತಂದು ಮಲಗಿಸಿದರು. ತವನಪ್ಪ ಬೆನ್ನ ಮೇಲೆ ಕೈಯಾಡಿಸಿದ ಕೂಡಲೇ ಗೊತ್ತಾಯಿತು, ಇದು ಏಳುವುದಿಲ್ಲ. ಎತ್ತು ಮುಂಗಾಲು ಊರಿ ಏಳಲು ನೋಡುತ್ತಿತ್ತು, ಹಿಂದಿನ ಅರ್ಧ ಮೈ ಬರುತ್ತಿರಲಿಲ್ಲ, ಮತ್ತೆ ಬೀಳುತ್ತಿತ್ತು. ಬಿದ್ದಾಗೊಮ್ಮೆ ಅದು ಕೂಗುತ್ತಿದ್ದ ಕೂಗು ಇಡೀ ಓಣಿಗೆ ಕೇಳುತ್ತಿತ್ತು.

ಮರುದಿನ ಮಧ್ಯಾಹ್ನ, ಉರಿಬಿಸಿಲಿನಲ್ಲಿ, ಶೆಟ್ಟರು ತವನಪ್ಪನ ಖೋಲಿಯ ಬಾಗಿಲಿಗೆ ಬಂದರು. ಜೊತೆಗೆ ಯಾರೂ ಇಲ್ಲ. ತಲೆಯ ಮೇಲೆ ರುಮಾಲು ಕೂಡ ಇಲ್ಲ. ಜಿನ್ನವ್ವ ಗಡಬಡಿಸಿ ಎದ್ದು ಚಾಪೆ ಹಾಸಿದರೆ ಕೂರಲಿಲ್ಲ. ಓಣಿಯ ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ ಮಾತಾಡಿದರು.

"ತವನಪ್ಪಾ, ಸರದಾರನ ಸಂಕಟ ನೋಡಾಕ ಆಗವಲ್ದು. ನಿನ್ನ ಪೆಟ್ಟಿಗ್ಯಾಗ ಏನರ ಇದ್ರ, ಅದಕ್ಕ ನಿದ್ದಿ ಬರೂ ಹಂಗ ಮಾಡು."

"ಎಂಥಾ ನಿದ್ದಿರಿ?"

"ಮತ್ತ ಏಳಬಾರದಂಥಾದ್ದು."

ಜೀವನವಿಡೀ ಇರುವೆ ತುಳಿಯದಂತೆ ನಡೆದ ಮನುಷ್ಯ ಈ ಮಾತು ಆಡುವುದೇ? ಶೆಟ್ಟರ ಹೆಗಲ ಮೇಲಿಂದ ತವನಪ್ಪ ಹೊರಗೆ ನೋಡಿದ. ಓಣಿಯ ಕೊನೆಯಲ್ಲಿ, ಬೇವಿನ ಮರದ ಕೆಳಗೆ, ವೀರಪ್ಪ ನಿಂತಿದ್ದ. ಇತ್ತಲೇ ನೋಡುತ್ತಿದ್ದ. ಎಲ್ಲ ಬಗೆಹರಿಯಿತು ಎಂದುಕೊಂಡ ತವನಪ್ಪ. ಮಂತ್ರ ಹೇಳದ್ದನ್ನು ವೀರಪ್ಪ ಹೇಳಿದ್ದಾನೆ, ಮೂರನೆಯ ಪ್ರಶ್ನೆಯ ಉತ್ತರ ಸುಳ್ಳೆಂದು ಶೆಟ್ಟರಿಗೆ ವಾಸನೆ ಹತ್ತಿದೆ, ಈಗ ಬಲೆ ಒಡ್ಡಿದ್ದಾರೆ. ಹೂಂ ಅಂದರೆ ಸಾಕು, ಸಾಕ್ಷಿ ಸಮೇತ ಹಿಡಿದುಬಿಡುತ್ತಾರೆ, ಕೆಲಸ ಹೋಯಿತು, ಬಸದಿಯ ಬಾಗಿಲೂ ಮುಚ್ಚಿತು. ವೀರಪ್ಪನಿಗೂ ಕೇಳಲಿ ಎಂದು ದನಿ ಎತ್ತರಿಸಿಯೇ ಹೇಳಿದ.

"ಅಂಥಾ ಔಷಧ ನನ್ನ ಕಡೆ ಇಲ್ರಿ. ಇದ್ರೂ ನಾ ಮುಟ್ಟೂದಿಲ್ರಿ. ನಾ ಜೈನ ಅದೇನಿ."

ಶೆಟ್ಟರು ತಿರುಗಿ ಹೋದರು. ಒಳಗಿನಿಂದ ಬಂದ ಜಿನ್ನವ್ವ, ಅವರ ಮುಖ ನೋಡಿದಿರಾ ಎಂದು ಕೇಳಿದಳು. ತವನಪ್ಪ ನೋಡಿರಲಿಲ್ಲ. ಅವನ ಕಣ್ಣು ಅಷ್ಟು ಹೊತ್ತೂ ಬೇವಿನ ಮರದ ಕೆಳಗೇ ಇತ್ತು.

ಸರದಾರ ಮತ್ತೂ ನಾಲ್ಕು ದಿನ ಬದುಕಿತು. ತವನಪ್ಪ ಹತ್ತಿರವೇ ಕೂತು ನೀರು ಕುಡಿಸಿದ, ಮಗ್ಗುಲು ಬದಲಿಸಿದ, ನೊಣ ಓಡಿಸಿದ. ಎರಡನೆಯ ದಿನ ಖೋಲಿಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದ, ಬಾಟಲಿ ಕೈಗೆತ್ತಿಕೊಂಡ. ಹೊಸ್ತಿಲಿಗೆ ಬಂದವನಿಗೆ ಓಣಿಯಲ್ಲಿ ಮತ್ತೆ ವೀರಪ್ಪ ಕಂಡ. ಬಾಟಲಿ ಒಳಗೆ ಹೋಯಿತು. ಮೂರನೆಯ ದಿನ ಹುಣ್ಣಿಗೆ ಹುಳ ಬಿದ್ದವು. ನಾಲ್ಕನೆಯ ದಿನ ಎತ್ತಿಗೆ ಕೂಗುವ ಶಕ್ತಿಯೂ ಇರಲಿಲ್ಲ, ಬಾಯಿ ಮಾತ್ರ ತೆರೆಯುತ್ತಿತ್ತು. ಅದು ಸತ್ತಾಗ ಕಿವಿಯಲ್ಲಿ ಮಂತ್ರ ಹೇಳಿದ್ದು ಶೆಟ್ಟರೇ.

ಮುಂದಿನ ಚತುರ್ದಶಿಯ ದಿನ ಬಸದಿಯಲ್ಲಿ ಪಂಚರೆಲ್ಲ ಕೂಡಿದ್ದರು. ಪಾರಿಸಪ್ಪ ಶೆಟ್ಟರು ಎದ್ದು ನಿಂತು, ಪಾಂಜರಪೋಳದ ಕಾರಭಾರ ತವನಪ್ಪನಿಗೆ ಎಂದರು. ಈತ ಸಮುದ್ರ ದಾಟಿ ಏನೇನು ಮಾಡಿ ಬಂದಿದ್ದಾನೋ ಎಂದು ನಿಮಗೆಲ್ಲ ಸಂಶಯವಿತ್ತು, ನನಗೂ ಇತ್ತು, ಆದರೆ ಯಜಮಾನನೇ ಬಾಗಿಲಿಗೆ ಹೋಗಿ ಕೇಳಿದರೂ ಈತ ಜೀವ ತೆಗೆಯಲು ಒಪ್ಪಲಿಲ್ಲ, ಇನ್ನು ಯಾರೂ ಇವನ ಬಗ್ಗೆ ಮಾತಾಡಬಾರದು ಎಂದರು. ಮಂದಿ ಭೇಷ್ ಎಂದಿತು. ಶೆಟ್ಟರು ಭಾರಿ ಪರೀಕ್ಷೆಯನ್ನೇ ಮಾಡಿದ್ದಾರೆ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ತವನಪ್ಪನಿಗೆ ಹೊಟ್ಟೆಯಲ್ಲಿ ಹಾಲು ಹೊಯ್ದಂತಾಯಿತು. ಬಲೆಯೇ ಆಗಿತ್ತು, ತಾನು ಸರಿಯಾಗಿಯೇ ಗುರುತಿಸಿದೆ ಎಂದು ಅವನ ಎದೆ ಹಗುರಾಯಿತು.

ಕೀಲಿಕೈ ಕೊಡಲು ಶೆಟ್ಟರು ಅವನೊಬ್ಬನನ್ನೇ ಪಾಂಜರಪೋಳಕ್ಕೆ ಕರೆದುಕೊಂಡು ಹೋದರು. ವೀರಪ್ಪ ಗಾಡಿ ಹೊಡೆದುಕೊಂಡು ಬಂದು, ಎಂದಿನಂತೆ ಬೇವಿನ ಮರದ ನೆರಳಿಗೆ ನಿಲ್ಲಿಸಿದ. ಆ ಓಣಿಯಲ್ಲಿ ಗಾಡಿ ನಿಲ್ಲಿಸಲು ಬೇರೆ ನೆರಳೇ ಇರಲಿಲ್ಲ. ಇದು ತವನಪ್ಪನಿಗೆ ಅಂದೇ ಮೊದಲು ಹೊಳೆದದ್ದು. ಶೆಟ್ಟರು ಸರದಾರ ಮಲಗಿದ್ದ ಜಾಗದಲ್ಲಿ ನಿಂತು, ಕೀಲಿಕೈ ಗೊಂಚಲನ್ನು ಅವನ ಅಂಗೈಯಲ್ಲಿಟ್ಟರು.

"ಮಂದಿ ಏನರ ತಿಳಕೊಳ್ಳಲಿ. ಅವತ್ತ ನಾ ಪರೀಕ್ಷಾ ಮಾಡಾಕ ಬಂದಿದ್ದಿಲ್ಲ ತವನಪ್ಪಾ. ಖರೇನ ಕೇಳಾಕ ಬಂದಿದ್ದೆ."

ಇನ್ನು ಮುಚ್ಚಿಟ್ಟು ಏನು ಮಾಡುವುದು? ತಾನು ಅಂದು ಕಟ್ಟೆಯ ಮೇಲೆ ಸುಳ್ಳು ಹೇಳಿದ್ದಾಗಿ, ಅಲ್ಲಿ ಒಂದು ಜೀವ ತೆಗೆದದ್ದಾಗಿ, ಅದಕ್ಕೂ ಮೊದಲು ಒಂಬತ್ತು ದಿನ ಅದನ್ನು ನರಳಿಸಿದ್ದಾಗಿ ತವನಪ್ಪ ತಡವರಿಸುತ್ತ ಹೇಳಿದ. ಶೆಟ್ಟರು ಅವನ ಮಾತನ್ನು ಅರ್ಧಕ್ಕೇ ನಿಲ್ಲಿಸಿದರು.

"ಗೊತ್ತಿತ್ತು. ಮಂತ್ರಕ್ಕ ಬಾಯಿ ಬರದಾಂವ ಏನೋ ಒಂದು ಮಾಡಿ ಬಂದಿರತಾನ. ಅದು ಗೊತ್ತಿದ್ದಕ್ಕ ನಿನ್ನ ಬಾಗಿಲಿಗೆ ಬಂದಿದ್ದೆ. ಬ್ಯಾರೆ ಯಾರ ಕಡೆ ಹೋಗಲಿ?"

ಅಷ್ಟು ಹೇಳಿ ಶೆಟ್ಟರು ಗಾಡಿ ಹತ್ತಿದರು. ಆ ಮಾತು ಅವರು ಮತ್ತೆಂದೂ ಎತ್ತಲಿಲ್ಲ. ತವನಪ್ಪ ಸರದಾರನ ಜಾಗದಲ್ಲಿ ಕೂತು ಅತ್ತ. ಅಲ್ಲಿ ಒಂಬತ್ತು, ಇಲ್ಲಿ ನಾಲ್ಕು, ಹದಿಮೂರು ದಿನ ನರಳಿಸಿದೆ ಎಂದು ಜಿನ್ನವ್ವನಿಗೆ ಹೇಳಿಕೊಂಡ. ಅವಳು ಸಮಾಧಾನದ ಮಾತೇನೂ ಆಡಲಿಲ್ಲ, ಪೆಟ್ಟಿಗೆಯ ಬೀಗ ತೆಗೆದು ಆ ಬೀಗವನ್ನು ಹಿತ್ತಲಿಗೆ ಎಸೆದಳು.

ಕಣ್ಣು ಮುಚ್ಚುವ ವರ್ಷದವರೆಗೆ, ಅಂದರೆ ಸಾವಿರದ ಒಂಬೈನೂರ ನಲವತ್ತಾರರವರೆಗೆ, ತವನಪ್ಪ ಆ ಕಾರಭಾರ ಮಾಡಿದ. ಗುಮಾನಿ ಹೋಗಲಿಲ್ಲ, ಅದೆಲ್ಲಿ ಹೋಗುತ್ತದೆ! ಹಾಲಿಗೆ ನೀರು, ಹಿಂಡಿಗೆ ಮಣ್ಣು ಬೆರೆಸಿದವರನ್ನು ಕೊನೆಯವರೆಗೂ ಹಿಡಿಯುತ್ತಲೇ ಇದ್ದ. ಆದರೆ ಹುಕ್ಕೇರಿ, ಮೂಡಲಗಿ ಕಡೆಯಿಂದ ಕೂಡ ಅಪರೂಪಕ್ಕೆ ಯಾರಾದರೂ ಬಂದು, ಬಾಗಿಲಲ್ಲಿ ನಿಂತು, ಆಚೆ ಈಚೆ ನೋಡಿ ದನಿ ತಗ್ಗಿಸಿದರೆ, ಅವರ ಹಿಂದೆ ಯಾರು ನಿಂತಿದ್ದಾರೆಂದು ಅವನು ನೋಡುತ್ತಿರಲಿಲ್ಲ. ಬಂದವರ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿ, ಪೆಟ್ಟಿಗೆ ಎತ್ತಿಕೊಂಡು ಅವರ ಜೊತೆ ಹೊರಡುತ್ತಿದ್ದ. ಮಂತ್ರ ಹೇಳುವುದನ್ನು ಮಾತ್ರ ಬಂದವರಿಗೇ ಬಿಡುತ್ತಿದ್ದ.